ಮೆಮೊರಿ ಹಾಕಿದ್ದು ಅಪ್ಪ, ಎದ್ದುಹೋದದ್ದು ಅಕ್ಕ

ಬೆಳಿಗ್ಗೆ ಕಂಪ್ಯೂಟರಿಗೆ ಇನ್ನೊಂದು ಮೆಮೊರಿ ಕಾರ್ಡು ಸಿಕ್ಕಿಸಿದೆ. ಅದು ಮೌಸಿಗೂ ಮಿಸುಕದೆ ನಿಂತುಬಿಟ್ಟಿತು. ನೆನಪು ಹೆಚ್ಚಿದ್ದು ನನಗೆ.

ನಾನು ಹುಡುಗನಾಗಿದ್ದಾಗ, ಸೇಲಂ ಹತ್ತಿರದ ಎಡಪ್ಪಾಡಿಯ ನಮ್ಮ ಮನೆಯಲ್ಲಿ, ಮಗ್ಗದ ಪಕ್ಕ, ಸೀರೆಯಂಚಿನ ಡಿಸೈನು ಬಿಡಿಸಲು ಒಂದು ಕಂಪ್ಯೂಟರಿತ್ತು. ಅದಕ್ಕೆ ಹೊದಿಸಿದ್ದೂ ಸೀರೆಯ ತುಂಡನ್ನೇ. ಅದನ್ನು ಬಲ್ಲವಳು ಅಕ್ಕ ಒಬ್ಬಳೇ. ಒಂದು ದಿನ ಅಪ್ಪ ಸೇಲಂನಿಂದ ಹೊಸ ಮೆಮೊರಿ ತಂದು ತಾವೇ ಹಾಕಿದರು. ಅಂದಿನಿಂದ ಗಳಿಗೆಗೊಮ್ಮೆ ಪರದೆ ಮರಗಟ್ಟತೊಡಗಿತು.

“ಹೊಸದ್ನ ತೆಗ್ದು ನೋಡನಪ್ಪಾ, ಹಳೇದಕ್ಕೂ ಅದಕ್ಕೂ ಹೊಂದ್ಕಂತಿಲ್ಲ,” ಎಂದಳು ಅಕ್ಕ.

“ನಾನ್ ಹಾಕಿದ್ದೇ ತಪ್ಪಾ?” ಎಂದು ಅಪ್ಪ ಗುರುಗುಟ್ಟಿದರು.

ನೂಲು ಸುತ್ತುತ್ತಿದ್ದ ಅಜ್ಜಿ ತಲೆಯೆತ್ತದೆ ಅಪ್ಪನಿಗೆ ಹೇಳಿದರು: “ಮುಟ್ಟಾಗಿರೋ ಎಣ್ಣು ಅದ್ನ ಮುಟ್ತಾ ಕುಂತೈತೆ. ನಿಲ್ದೆ ಏನ್ಲಾ ಮಾಡ್ತದೆ?”

ಅಪ್ಪನಿಗೆ ಈ ತೀರ್ಪು ಅನುಕೂಲವಾಗಿತ್ತು. ಅಕ್ಕನನ್ನು ಎಬ್ಬಿಸಿ, ಆ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನನಗೆ ಏನೂ ಬರುತ್ತಿರಲಿಲ್ಲ. ಮುಟ್ಟಾಗುವುದಿಲ್ಲ ಎಂಬುದೊಂದೇ ನನ್ನ ವಿದ್ಯಾರ್ಹತೆ. ಕಂಪ್ಯೂಟರು ಮತ್ತೆ ನಿಂತಾಗ, ಅಕ್ಕ ಹೇಳಿದ್ದಂತೆ ಗುಟ್ಟಾಗಿ ಹೊಸ ಕಾರ್ಡು ಕಿತ್ತೆ. ಆಮೇಲೆ ನಿಲ್ಲಲೇ ಇಲ್ಲ.

“ಗಂಡ್ಮಗ ಕುಂತ್ಮೇಲೆ ಎಂಗ್ ಓಡ್ತೈತೆ ನೋಡ್ಲಾ,” ಎಂದು ಅಜ್ಜಿ ಬೀಗಿದರು. ಅಕ್ಕ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಅವಳು ಮತ್ತೆಂದೂ ಅಲ್ಲಿ ಕೂರಲಿಲ್ಲ. ನಾನು ಇವತ್ತಿಗೂ ಕಂಪ್ಯೂಟರಿನಿಂದಲೇ ಉಣ್ಣುತ್ತಿದ್ದೇನೆ.

ಇವತ್ತೂ ಹೊಸ ಕಾರ್ಡು ತೆಗೆದೆ, ಸರಿಹೋಯಿತು.

“ಯಾರಪ್ಪಾ ಇದ್ನ ಕಲಿಸ್ಕೊಟ್ಟಿದ್ದು?” ಎಂದಳು ಪಕ್ಕದಲ್ಲಿ ನೋಡುತ್ತಿದ್ದ ಮಗಳು.

“ನಿಮ್ಮತ್ತೆ,” ಎಂದೆ.

“ಸುಮ್ನಿರಪ್ಪಾ, ಅತ್ತೆಗೆ ಕಂಪ್ಯೂಟರ್ ಎಲ್ಲಿ ಬರ್ತೈತೆ?” ಎಂದು ನಕ್ಕಳು.