ತೊಟ್ಟಿಲ ಕೊಂಡಿಗೆ ತೂಗಿದ ಚೀಲ

ನಮ್ಮ ಕಾಕಾ ಮುಷ್ಟಿ ಬಿಗಿದರೆ ಗೆಣ್ಣುಗಳು ಏಳುತ್ತಿರಲಿಲ್ಲ. ಎಲ್ಲರ ಕೈಯಲ್ಲಿ ಸಾಲಾಗಿ ಉಬ್ಬುವ ಜಾಗ ಅವರಿಗೆ ಸವೆದ ಹೊಸ್ತಿಲಿನಂತೆ ಸಪಾಟಾಗಿತ್ತು. ಚಿಕ್ಕವಳಿದ್ದಾಗ ಆ ಕೈ ಹಿಡಿದು ಹೊಲದ ಬದುವಿನ ಮೇಲೆ ನಡೆಯುವಾಗ ನನಗೆ ಒಮ್ಮೆಯೂ ಹೆದರಿಕೆ ಆಗಿರಲಿಲ್ಲ. ಹೆದರಿಕೆ ಬಂದದ್ದು ಆಮೇಲೆ.

ಅವರು ನನ್ನ ತಂದೆಯ ತಮ್ಮ. ಮದುವೆಯಾಗಿರಲಿಲ್ಲ. ಸೈನ್ಯದಲ್ಲಿ ಬಾಕ್ಸಿಂಗ್ ಆಡುತ್ತಿದ್ದರು. ಕೊನೆಯ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ಬಹಳ ಹೊತ್ತು ಎಚ್ಚರ ತಪ್ಪಿದ್ದರಂತೆ. ಅದಾದ ಮೇಲೆ ಊರಿಗೆ ಬಂದುಬಿಟ್ಟರು. ಸಂಶಿಯ ಆಚೆಗಿನ ನಮ್ಮ ಹಳ್ಳಿಯಲ್ಲಿ ಕುಸ್ತಿ ಹಿಡಿಯುವವರಿದ್ದರು, ಮುಷ್ಟಿ ಎತ್ತಿ ಕಾಕಾರ ಎದುರು ನಿಲ್ಲುವವರು ಯಾರೂ ಇರಲಿಲ್ಲ. ಹಾಗಾಗಿ ಎದುರಾಳಿಯನ್ನು ತಾವೇ ಹೊಲಿದುಕೊಂಡರು.

ಮೊದಲು ಗೋಣಿಚೀಲಕ್ಕೆ ಎರೆಮಣ್ಣು ತುಂಬಿದರು. ಮಳೆಗಾಲದ ತಂಪು ಹೀರಿ, ಒಣಗಿದ ಮೇಲೆ ಅದು ಕಲ್ಲಾಯಿತು. ಆಮೇಲೆ ಹತ್ತಿಕಾಳು ತುಂಬಿದರೆ ಎಮ್ಮೆ ಹಗ್ಗ ಹರಿದುಕೊಂಡು ಬಂದು ಚೀಲದ ಬುಡವನ್ನೇ ಕಚ್ಚಿತು. ಜೋಳಕ್ಕೆ ಕೈ ಹಾಕಿದಾಗ ಅವ್ವ ಅಡ್ಡ ಬಂದಳು. "ತಿನ್ನೂ ಕಾಳಿಗೆ ಗುದ್ದಾಕ ನಿಮಗ ಕೈಯಾದ್ರೂ ಹ್ಯಾಂಗ ಬರ್ತದ್ರಿ?" ಕೊನೆಗೆ ಕಾಕಾ ಓಣಿಯ ಮನೆಮನೆಗೆ ಹೋಗಿ ಹರಿದ ಬಟ್ಟೆ ಬೇಡಿದರು. ಬಾಜು ಮನೆಯ ಅಜ್ಜಿ ಒಂದು ಗಂಟು ಕೊಡುತ್ತ, "ಅಲ್ಲೋ ತಮ್ಮಾ, ನನ್ನ ಸೀರಿ ನನ್ನ ಕಡಿಂದನ ಇಸ್ಗೊಂಡು ಅದಕ್ಕ ಗುದ್ದತೀಯಾ?" ಎಂದು ನಕ್ಕಳು.

ಬಟ್ಟೆಯನ್ನು ಚಿಂದಿ ಮಾಡಿ, ತುಸು ತುಸುವೇ ಹಾಕಿ ಒನಕೆಯಿಂದ ಜಡಿದರು. ಹಾಗೆ ಜಡಿಯದಿದ್ದರೆ ಎಲ್ಲ ಕೆಳಗಿಳಿದು ಮೇಲ್ಭಾಗ ಟೊಳ್ಳಾಗುತ್ತದೆ ಎನ್ನುತ್ತಿದ್ದರು. ದಬ್ಬಣದಿಂದ ಬಾಯಿ ಹೊಲಿದು ಹಳೆಯ ಕೌದಿ ಸುತ್ತಿದರು. ಕೈಗೆ ಧೋತರದ ಪಟ್ಟಿ. ಆ ಭಾರ ತಡೆಯುವ ಕೊಂಡಿ ಮನೆಯಲ್ಲಿ ಒಂದೇ ಇತ್ತು, ಪಡಸಾಲೆಯ ತೊಲೆಗೆ ಹೊಡೆದ ತೊಟ್ಟಿಲ ಕೊಂಡಿ. ಅದರ ಸರಪಳಿಗೇ ಚೀಲ ತೂಗು ಹಾಕಿದರು. ಆಗ ಮನೆಯಲ್ಲಿ ಕೂಸುಗಳಿರಲಿಲ್ಲ. ಮುಂಜಾನೆ ಅವರು ಹೊಡೆಯತೊಡಗಿದರೆ ಕೊಂಡಿ ಕಿರುಗುಟ್ಟುತ್ತಿತ್ತು, ಮಾಳಿಗೆಯ ಮಣ್ಣು ಪುಡಿಪುಡಿಯಾಗಿ ಅವರ ತಲೆಯ ಮೇಲೆ ಉದುರುತ್ತಿತ್ತು.

ಬಾಗಿಲು ಹಾಕಿ ನನಗೂ ಒಂದಿಷ್ಟು ಕಲಿಸಿದರು. "ಚೀಲಾ ನೋಡಬ್ಯಾಡವಾ, ಅದು ತೂಗೂದು ನೋಡು. ನಿನ್ನ ಹಂತ್ಯಾಕ ಬಂದಾಗ ಹೊಡಿ." ಧಾರವಾಡಕ್ಕೆ ಎಂ.ಎ. ಓದಲು ನನ್ನನ್ನು ಕಳಿಸಬೇಕೋ ಬೇಡವೋ ಎಂಬ ಮಾತು ಬಂದಾಗ, "ಆಕಿ ಹೆದರೂದಿಲ್ಲ, ಕಳಸ್ರಿ ಅಣ್ಣಾ," ಎಂದು ಅಪ್ಪನಿಗೆ ಹೇಳಿದವರು ಅವರೊಬ್ಬರೇ.

ರಜೆಗೆ ಬಂದಾಗ ಒಮ್ಮೆ ಅವರ ಜೊತೆ ಸಂಶಿಯ ಸಂತೆಗೆ ಹೋಗಿದ್ದೆ. ಕಿರಾಣಿ ಅಂಗಡಿಯಲ್ಲಿ ತೂಗು ಹಾಕಿದ್ದ ತಕ್ಕಡಿ ಗಾಳಿಗೆ ಅಲುಗುತ್ತಿತ್ತು. ಮಾತಾಡುತ್ತಿದ್ದ ಕಾಕಾ ಅರ್ಧಕ್ಕೇ ನಿಂತರು. ಎಡಗಾಲು ಮುಂದೆ ಬಂತು, ಎರಡೂ ಮುಷ್ಟಿ ಗದ್ದದವರೆಗೆ ಎದ್ದವು.

"ಏನ್ರಿ ಪೈಲ್ವಾನ್ರ, ತಕ್ಕಡಿ ಜೋಡಿ ಕುಸ್ತಿ ಏನ್ರಿ?" ಎಂದ ಅಂಗಡಿಯವ. ಸುತ್ತಲಿನವರು ನಕ್ಕರು. ಕಾಕಾ ಕಣ್ಣು ಪಿಳುಕಿಸಿ ತಾವೂ ನಕ್ಕರು. ಮನೆಯ ತನಕ ಮಾತ್ರ ಎರಡೂ ಕೈಗಳನ್ನು ಬಗಲಲ್ಲಿ ಸಿಕ್ಕಿಸಿಕೊಂಡೇ ನಡೆದರು.

ಮುಂದಿನ ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಕೂಸು. ಕಲಘಟಗಿಯಿಂದ ಬಣ್ಣದ ತೊಟ್ಟಿಲು ಬಂತು. ಕಾಕಾ ತಾವೇ ಚೀಲ ಇಳಿಸಿದರು. "ಕೂಸು ದೊಡ್ಡದವಾ, ಚೀಲೇನು, ಹಿತ್ತಲದಾಗ ಬಿದ್ದಿರ್ತದ," ಎಂದರು. ಅದೇ ಕೊಂಡಿ, ಅದೇ ಸರಪಳಿ, ಅದೇ ಕಿರುಗುಟ್ಟುವ ಸದ್ದು. ಅಂದಿನಿಂದ ಅವರ ಕೈಗಳು ಸುಮ್ಮನಿರಲಿಲ್ಲ. ಉಣ್ಣುವಾಗಲೂ ಎಡಗೈ ತೊಡೆಯ ಮೇಲೆ ಮೆಲ್ಲಗೆ ಬಡಿಯುತ್ತಿತ್ತು.

ಒಂದು ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದರು. ನಾನು ಕಂಬಕ್ಕೆ ಒರಗಿ ಓದುತ್ತಿದ್ದೆ. ಕೂಸು ಮಿಸುಕಿ ತೊಟ್ಟಿಲು ತೂಗಿತು. ಕಾಕಾ ಚಾಪೆಯಿಂದ ಎದ್ದು ಬಂದರು. ಕಣ್ಣು ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ತೊಟ್ಟಿಲ ಎದುರು ಎಡಗಾಲು ಮುಂದಿಟ್ಟು ಮುಷ್ಟಿ ಎತ್ತಿ ನಿಂತರು. ತೊಟ್ಟಿಲು ದೂರ ಹೋದಾಗ ಅವರ ಭುಜ ಹಿಂದೆ ಸರಿಯಿತು. ಹತ್ತಿರ ಬಂದಾಗ ಬಲಗೈ ಬಿಗಿಯಿತು.

"ಕಾಕಾ," ಎಂದೆ. ಕೇಳಿಸಲಿಲ್ಲ. ಪುಸ್ತಕ ಬಿಟ್ಟು ಅವರಿಗೂ ತೊಟ್ಟಿಲಿಗೂ ನಡುವೆ ಹೋಗಿ, ತೊಟ್ಟಿಲಿಗೆ ಬೆನ್ನು ಕೊಟ್ಟು ನಿಂತೆ. ಸರಪಳಿಯ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಅವರ ಕಣ್ಣು ನನ್ನ ಮುಖಕ್ಕೆ ಬಂದವು.

"ಎಷ್ಟೊತ್ತಾತವಾ ನಾ ಇಲ್ಲಿ ನಿಂತು?"

"ಈಗ ಬಂದ್ರಿ ಕಾಕಾ."

ಅವರು ತಮ್ಮ ಕೈಗಳನ್ನು ನೋಡಿಕೊಂಡರು. ಇನ್ನೂ ಮುಷ್ಟಿಯಾಗಿಯೇ ಇದ್ದವು. "ಸುಳ್ಳ ಹೇಳಬ್ಯಾಡ," ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ಅಕ್ಕಗ ಹೇಳಬ್ಯಾಡ. ತವರಮನ್ಯಾಗ ಆಕಿ ಹೆದರಿಕೋತ ಮಲಗಬಾರದು," ಎಂದರು. ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಆ ಸಂಜೆಯೇ ಚೀಲವನ್ನು ಹೆಗಲಿಗೇರಿಸಿ ಹೊಲದ ಗುಡಿಸಲಿಗೆ ಹೊರಟರು. ಚೀಲ ತೂಗು ಹಾಕಲು ಜಾಗ ಇಲ್ಲದ ಮನೆಯಲ್ಲಿ ತಾವಿರುವುದಿಲ್ಲವೆಂದು ಅಪ್ಪನೆದುರು ದೊಡ್ಡ ದನಿಯಲ್ಲೇ ಹೇಳಿದರು. ಅಪ್ಪ ಬೈದರು, ಅವ್ವ ಅತ್ತಳು. ಅವರು ತಿರುಗಿ ನೋಡಲಿಲ್ಲ. ಹೊಲದ ಬೇವಿನ ಮರಕ್ಕೆ ಚೀಲ ಕಟ್ಟಿ ಅಲ್ಲೇ ಉಳಿದರು. ಹಸಿಕೂಸಿನ ಜೋಡಿ ಕೊಂಡಿಗಾಗಿ ಜಗಳಾಡಿದವನೆಂದು ಊರೆಲ್ಲ ನಕ್ಕಿತು. ಎಲ್ಲರಿಗಿಂತ ಮೊದಲು ಹಾಗೆ ಹೇಳಿದವಳು ಅಕ್ಕ. "ನಮ್ಮ ಕಾಕಾರ ಸಿಟ್ಟು ಅಗದಿ ಕೆಟ್ಟ. ಒಂದು ಚೀಲದ ಸಲುವಾಗಿ ಮನಿ ಬಿಟ್ರು," ಎಂದು ನೋಡಲು ಬಂದವರಿಗೆಲ್ಲ ಹೇಳುತ್ತಿದ್ದಳು. ನನಗೆ ಅದನ್ನು ಕೇಳಲಾಗುತ್ತಿರಲಿಲ್ಲ. ಕೊಟ್ಟ ಮಾತು ಇತ್ತು, ಸುಮ್ಮನಿದ್ದೆ.

ಹುಡುಗ ನಡೆಯುವಂತಾದ ಮೇಲೆ ಅಕ್ಕ ತವರಿಗೆ ಬಂದಾಗಲೆಲ್ಲ ಅವನನ್ನು ಹೊಲಕ್ಕೆ ಕರೆದೊಯ್ಯುತ್ತಿದ್ದೆವು. ಕಾಕಾ ಬದುವಿನ ಆಚೆಯೇ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವನನ್ನು ಮಾತಾಡಿಸುತ್ತಿದ್ದರು. ಒಮ್ಮೆಯೂ ಎತ್ತಿಕೊಳ್ಳಲಿಲ್ಲ.

ಅವರು ಬೇವಿನ ಕೆಳಗೇ ತೀರಿಕೊಂಡರು. ಮುಂಜಾನೆ ರೊಟ್ಟಿ ಒಯ್ದ ಅಪ್ಪ ನೋಡಿದಾಗ ಕೈಗೆ ಪಟ್ಟಿ ಸುತ್ತಿಯೇ ಇತ್ತಂತೆ. ಮಣ್ಣು ಮಾಡಿ ಬಂದ ಮೇಲೆ ಬಾಜು ಮನೆಯ ಅಜ್ಜಿ, "ಕಡೀತನಕಾ ಸಿಟ್ಟು ಬಿಡಲಿಲ್ಲ ನೋಡ್ರಿ," ಎಂದಳು. ನನಗೆ ತಡೆಯಲಾಗಲಿಲ್ಲ. ಅಕ್ಕನನ್ನು ಹಿತ್ತಲಿಗೆ ಕರೆದೊಯ್ದೆ.

"ಅಕ್ಕಾ, ಆ ದಿನಾ ಮಧ್ಯಾಹ್ನ..."

"ಗೊತ್ತದ," ಎಂದಳು ಅಕ್ಕ. "ನಾ ಮಲಗಿದ್ದ ಕ್ವಾಣಿ ಬಾಗಲಾ ತೆರದಿತ್ತು. ಎಲ್ಲಾ ನೋಡೇನಿ. ನಾ ಏಳೂದ್ರಾಗ ನೀ ನಡುವ ಹೋಗಿ ನಿಂತಿದ್ದಿ."

"ಮತ್ತ ಸಿಟ್ಟ ಮಾಡ್ಕೊಂಡು ಹೋದ್ರು ಅಂತ ಮಂದಿ ಮುಂದ ಯಾಕ ಹೇಳಿಕೋತ ಬಂದಿ?"

"ಮತ್ತೇನು ಹೇಳಲೇ? ಸಿಟ್ಟಿನಾಂವ ಅಂದ್ರ ಮಂದಿ ನಕ್ಕು ಬಿಡ್ತಾರ. ತಲಿ ಕೆಟ್ಟದ ಅಂದಿದ್ರ ಸರಪಳಿ ಹಾಕಿ ಕಟ್ಟತಿದ್ರು."

ಅವಳು ಹೆದರಬಾರದೆಂದು ಕಾಕಾ ಸಣ್ಣ ಮನಸ್ಸಿನವರೆನಿಸಿಕೊಂಡರು. ಅವರನ್ನು ಕಟ್ಟಿಹಾಕಬಾರದೆಂದು ಅವಳು ಹಾಗೆಯೇ ಹೇಳುತ್ತ ಬಂದಳು. ಅವಳು ಆ ಸಿಟ್ಟನ್ನು ನಿಜವೆಂದೇ ನಂಬಿದ್ದಾಳೆ ಎಂದುಕೊಂಡೇ ಕಾಕಾ ತೀರಿಹೋದರು.