ಎಡಗಡೆಯ ಪರದೆ

ಗುಬ್ಬಿಯ ಸಂತೆಯ ದಿನ ಹಳ್ಳಿಯ ನಾಟಕಗಳನ್ನು ಗೊತ್ತುಮಾಡಿಕೊಳ್ಳಲು ಹೋಗಿ ಹೋಟೆಲಿನ ಬೆಂಚಿನ ಮೇಲೆ ಕೂತಿದ್ದೆ. ಬಿಳಿ ಪಂಚೆಯ ಗೌಡರೊಬ್ಬರು ಎದುರಿಗೆ ಬಂದು ನಿಂತು, “ರಾಜಪಾರ್ಟು ನನ್ಗೇ ಬೇಕು. ಎಷ್ಟಾಯ್ತದೆ ಹೇಳಿ” ಎಂದರು.

ಸಂಬಳ ಕೇಳುತ್ತಿದ್ದಾರೆ ಎಂದುಕೊಂಡೆ. ಹದಿನೈದು ವರ್ಷ ಕಂಪನಿ ನಾಟಕದ ಮ್ಯಾನೇಜರಿಕೆ ಮಾಡಿದವನಿಗೆ ಬೇರೇನು ಹೊಳೆಯಬೇಕು? “ಹೊಸಬರಿಗೆ ಭಾಳ ಕೊಡಾಕ ಆಗೂದಿಲ್ರೀ” ಎಂದೆ. ಗೌಡರು ಪಕ್ಕದವರ ಕಡೆ ತಿರುಗಿ ನಕ್ಕರು. “ಇವ್ರೆಲ್ಲಿಂದ ಬಂದವ್ರಪ್ಪ. ನೀವ್ ಕೊಡಾದಲ್ಲ ಕಣ್ರೀ, ನಾನ್ ಕೊಡಾದು.”

ಗದಗಿನ ಗೆಳೆಯರೇ, ನನಗೆ ಈ ಸೀಮೆ ಪರಕೀಯ ಎನಿಸಿದ್ದು ಅವತ್ತು. ನಮ್ಮಲ್ಲಿ ನಟನಿಗೆ ಸಂಬಳ, ನೋಡುವವನಿಗೆ ಟಿಕೀಟು. ಇಲ್ಲಿ ನೋಡುವವರಿಗೆ ಪುಕ್ಕಟೆ. ಬಣ್ಣ ಹಚ್ಚುವವನೇ ದುಡ್ಡು ಕಟ್ಟಬೇಕು. ಊರಿನ ರೈತರೂ ಮೇಷ್ಟ್ರುಗಳೂ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ಪರದೆ, ಕಿರೀಟ, ಲೈಟು ಎಲ್ಲ ತುಮಕೂರಿನಿಂದ ಬಾಡಿಗೆಗೆ ಬರುತ್ತವೆ. ಹೆಣ್ಣುಪಾರ್ಟಿಗೆ ಮಾತ್ರ ನಟಿಯರನ್ನು ಹೊರಗಿನಿಂದ ಕರೆಸುತ್ತಾರೆ, ಅದೂ ನಾಟಕದ ದಿನಕ್ಕೇ. ಅಂದರೆ ಅಲ್ಲಿಯವರೆಗೆ ರಾಜನಾದವನು ಇಲ್ಲದ ರಾಣಿಯನ್ನು ನೋಡುತ್ತ ಹಾಡಬೇಕು.

ನಾವು ಬಂದದ್ದು ಕಂಪನಿಯ ಜೊತೆಗೆ, ಎಪ್ಪತ್ತರ ದಶಕದಲ್ಲಿ. ತುಮಕೂರಿನ ಕ್ಯಾಂಪಿನಲ್ಲಿ ಮಳೆ ಒಂದು ಕಡೆ, ಸಿನಿಮಾ ಟಾಕೀಸು ಇನ್ನೊಂದು ಕಡೆ. ಮಾಲೀಕರು ಪರದೆಗಳನ್ನೆಲ್ಲ ನಾಟಕದ ಸಾಮಾನು ಬಾಡಿಗೆಗೆ ಕೊಡುವ ಇಲ್ಲಿನ ಸೀನರಿ ಅಂಗಡಿಗೆ ಮಾರಿ ರೈಲು ಹತ್ತಿದರು. ಪರದೆಯ ಗಂಟು ಬಿಚ್ಚಲು ಬರುವವನೊಬ್ಬ ಬೇಕೆಂದು ಅಂಗಡಿಯವರು ನನ್ನನ್ನು ಉಳಿಸಿಕೊಂಡರು. ಸಾಮಾನಿನ ಜೊತೆಗೆ ನಾನೂ ಮಾರಾಟವಾದೆ ಎಂದು ನನ್ನ ಹೆಂಡತಿ ಶಾಂತವ್ವ ಎಲ್ಲರೆದುರೂ ಹೇಳುತ್ತಿದ್ದಳು. ಅವಳು ಕಂಪನಿಯ ಮುಖ್ಯ ನಟಿ. ಇಲ್ಲಿ ಹಳ್ಳಿಗಳ ರಾಣಿಯಾದಳು.

ನಾಟಕದವರು ಎಂದೊಡನೆ ಮನೆ ಕೊಡಲು ಜನ ಹಿಂದೆ ಮುಂದೆ ನೋಡಿದರು. ಕೊನೆಗೆ ಕೊಬ್ಬರಿ ಮಂಡಿಯ ಹಿಂದೆ ಒಂದು ಕೋಣೆ ಸಿಕ್ಕಿತು. ಬಟ್ಟೆ, ಹಾಸಿಗೆ, ಅನ್ನ ಎಲ್ಲದಕ್ಕೂ ಕೊಬ್ಬರಿಯ ವಾಸನೆ. ಶಾಂತವ್ವ ಜೋಳದ ಹಿಟ್ಟಿಗಾಗಿ ಊರೆಲ್ಲ ತಿರುಗಿದಳು. ಸಿಕ್ಕ ಹಿಟ್ಟು ರೊಟ್ಟಿಯಾಗದೆ ಒಡೆಯಿತು. ಮುದ್ದೆ ತಿನ್ನಲು ಕಲಿಸಿದ ಪಕ್ಕದ ಮನೆಯ ಅಕ್ಕ, “ಅಗೀಬ್ಯಾಡ ಕಣವ್ವ, ನುಂಗು” ಎಂದರೆ ಇವಳು, “ಬಂದಾಗಿಂದ ಅದನ್ನ ಮಾಡಾಕತ್ತೇನ್ರೀ” ಎಂದಿದ್ದಳು.

ನನ್ನ ಕೆಲಸ ಚಿಂತೆ ಮಾಡುವುದು. ಲಾರಿ ಹೊರಟಿತೇ, ಹೊರಟರೆ ಕೆಸರಿನಲ್ಲಿ ಹೂತುಕೊಳ್ಳುತ್ತದೆಯೇ, ಹೂತುಕೊಳ್ಳದಿದ್ದರೆ ಕರೆಂಟು ಹೋಗುತ್ತದೆಯೇ. ಒಂದು ಗದೆ ಬೇಕಾದಲ್ಲಿ ಮೂರು ಒಯ್ಯುತ್ತಿದ್ದೆ. ಶಾಂತವ್ವ ನನ್ನನ್ನು ಚಿಂತಿ ಮಾಸ್ತರ ಎಂದು ಕರೆಯುತ್ತಿದ್ದಳು. “ಎಲ್ಲಾ ಸರಿ ನಡದೈತಿ ಅಂದ್ರ ಯಾಕ ಸರಿ ನಡದೈತಿ ಅಂತ ಚಿಂತಿ ಮಾಡ್ತೀರಿ” ಎಂಬುದು ಅವಳ ಆರೋಪ. ನಿಜ.

ಗುಬ್ಬಿಯಲ್ಲಿ ಸಿಕ್ಕ ಆ ಗೌಡರು ನಂಜೇಗೌಡರು. ನಿಟ್ಟೂರಿನ ಹತ್ತಿರದ ಹಳ್ಳಿಯವರು. ಅವರ ಊರಿಗೆ ನಾವು ಹೋದ ಮೊದಲ ನಾಟಕದಲ್ಲೇ ಎಡವಟ್ಟಾಯಿತು. ಇಲ್ಲಿ ಹಾರ್ಮೋನಿಯಂ ಮೇಷ್ಟ್ರು ರಂಗದ ಬಲಕ್ಕೆ ಕೂರುತ್ತಾರೆ. ಹೊರಗಿನಿಂದ ಬಂದ ನಟಿಗೆ ಶ್ರುತಿ ಸಿಗಲಿ ಎಂದು ರಾಣಿಯ ಪ್ರವೇಶವೂ ಬಲಗಡೆಯಿಂದಲೇ. ನಮ್ಮ ಕಂಪನಿಯಲ್ಲಿ ರಾಣಿ ಎಡಗಡೆಯಿಂದ ಬರುವುದು ರೂಢಿ. ನಾನು ಎಡಗಡೆಯ ಪರದೆ ಎತ್ತಿ ಹಿಡಿದೆ, ಶಾಂತವ್ವ ಬಂದಳು. ನಂಜೇಗೌಡರು ಬಲಕ್ಕೆ ಕೈಚಾಚಿ, ಕಣ್ಣುಮುಚ್ಚಿ, ಪ್ರಿಯೆಯನ್ನು ಕರೆಯುತ್ತ ಹಾಡುತ್ತಿದ್ದರು. ಪ್ರಿಯೆ ಬೆನ್ನ ಹಿಂದೆ ನಿಂತಿದ್ದಳು. ಜನ ಬಿದ್ದು ಬಿದ್ದು ನಕ್ಕರು.

ಬೆಳಿಗ್ಗೆ ಬಣ್ಣ ಒರೆಸುತ್ತ ಗೌಡರು ಸಿಡುಕಿದರು. “ಏನ್ ತಾಯಿ, ನಾನ್ ಒಂದ್ ಕಡೆ ನೋಡ್ಕಂಡ್ ಹಾಡ್ತಿದ್ರೆ ಇನ್ನೊಂದ್ ಕಡೆಯಿಂದ ಬತ್ತೀರಲ್ಲ?”

“ರಾಜಾ ಅಂದ್ಮ್ಯಾಲ ನಾಕೂ ದಿಕ್ಕಿಗೆ ಕಣ್ಣ ಇರಬೇಕ್ರೀ ಗೌಡ್ರ.”

ಗೌಡರು ಕಿರೀಟ ಕೆಳಗಿಟ್ಟು ನಕ್ಕುಬಿಟ್ಟರು. “ಆಯ್ತು ಬುಡಿ. ಮುಂದ್ಲ ವರ್ಷ ನಾವೇ ತಿರುಗ್ತೀವಿ.” ಮುಂದಿನ ವರ್ಷ ತಾಲೀಮು ನೋಡಲು ಹೋದಾಗ ಇಡೀ ಊರು ಎಡಕ್ಕೆ ತಿರುಗಿ ಹಾಡುತ್ತಿತ್ತು. ವರ್ಷ ವರ್ಷವೂ ಹಾಗೇ ನಡೆಯಿತು. ಈ ಸೀಮೆಯಲ್ಲಿ ನಮಗೆ ಸಿಕ್ಕ ಗೆಲುವು ಅದೊಂದೇ ಎಂದು ಬೇಕಾದರೆ ಬರೆದುಕೊಳ್ಳಿ.

ಆದರೆ ಅವಳ ಮನಸ್ಸು ಗದಗಿನಲ್ಲಿತ್ತು. ಅಲ್ಲಿರುವ ತನ್ನ ಅಕ್ಕನ ಮನೆಯ ಕಟ್ಟೆಯ ಮೇಲೆ ಕೂತು, ಯಾರೂ ಒನ್ಸ್ ಮೋರ್ ಅನ್ನದ ಹಾಗೆ, ತನ್ನ ಪಾಡಿಗೆ ತಾನು ಹಾಡಬೇಕು ಅನ್ನುತ್ತಿದ್ದಳು. ಪ್ರತಿ ವರ್ಷ ಮಳೆ ಹಿಡಿದಾಗ ಹೊರಡೋಣ ಎನ್ನುವುದು. ಅಷ್ಟರಲ್ಲಿ ಯಾವುದಾದರೂ ಹಳ್ಳಿಯಿಂದ ವೀಳ್ಯ ಬರುವುದು. ವೀಳ್ಯ ಎಂದರೆ ಇಲ್ಲಿ ಕರಾರು: ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಮುಂದೆ ಹಿಡಿಯುತ್ತಾರೆ, ತೆಗೆದುಕೊಂಡರೆ ಮುಗಿಯಿತು, ಹಿಂದಿರುಗಿಸುವಂತಿಲ್ಲ.

ಹೋದ ವರ್ಷ ನಂಜೇಗೌಡರ ತಟ್ಟೆಯಿಂದ ಎಲೆ ಎತ್ತಿಕೊಳ್ಳುತ್ತ ಅವಳು ನನ್ನ ಕಡೆ ನೋಡಿದಳು. “ಇದೊಂದ ಮುಗೀಲಿ. ಆಮ್ಯಾಲ ಗದಗ. ಈ ಸಲ ಖರೇನ.”

ಅದಾದ ಸ್ವಲ್ಪ ದಿನಕ್ಕೆ ಕುಣಿಗಲ್ ಕಡೆ, ಮಾರ್ಕೋನಹಳ್ಳಿಯ ಹತ್ತಿರ ನಾಟಕವಿತ್ತು. ಅಲ್ಲಿನ ಜಲಾಶಯದ ಮೇಲಿನ ಥಂಡಿ ಗಾಳಿಯಲ್ಲಿ ಹಾಡಿ ಬಂದವಳು ಜ್ವರ ಹಿಡಿದು ಮಲಗಿದಳು. ಜ್ವರ ಎದೆಗಿಳಿಯಿತು. ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಪ್ರಯಾಣದ ಮಾತೇ ಬೇಡ ಎಂದರು. ನಾನು ಮಾತ್ರ ರೈಲು ತಪ್ಪಿದರೆ ಬಸ್ಸು, ಬಸ್ಸಿನಲ್ಲಿ ಮಲಗಲಾಗದಿದ್ದರೆ ಲಾರಿ ಎಂದು ಲೆಕ್ಕ ಹಾಕುತ್ತಲೇ ಇದ್ದೆ. “ಚಿಂತಿ ಮಾಸ್ತರ, ಸುಮ್ನ ಕುಂದರ್ರೀ ಸ್ವಲ್ಪ” ಎಂದಳು. ಕೂತೆ. ಅವಳು ಹೋದದ್ದು ನಾನು ಹಾಗೆ ಸುಮ್ಮನೆ ಕೂತಿದ್ದಾಗ.

ಹದಿನಾಲ್ಕನೇ ದಿನದ ಕಾರ್ಯ ಮುಗಿಸಿ ಎಲೆ ಅಡಿಕೆ ತಟ್ಟೆಯಲ್ಲಿಟ್ಟುಕೊಂಡು ನಂಜೇಗೌಡರ ಮನೆಗೆ ಹೋದೆ. ಅವರು ತಟ್ಟೆಯನ್ನು ಮುಟ್ಟಲಿಲ್ಲ.

“ವೀಳ್ಯ ವಾಪಸ್ ತಗಳಾದಿಲ್ಲ ಮ್ಯಾನೇಜರ್ರೇ.”

“ಆಕಿ ಇಲ್ಲಲ್ರೀ ಗೌಡ್ರ.”

“ನೀವಿದೀರಲ್ಲ. ಸಾಮಾನು ತಗಂಡ್ ಬನ್ನಿ. ಊಟ ಮಾಡ್ಕಂಡ್ ಹೋಗಿ.”

ಹೋದೆ. ನಾಟಕದ ದಿನ ಒಂದು ಸಾಮಾನನ್ನೂ ಮರೆಯಲಿಲ್ಲ. ತುಮಕೂರಿನಿಂದ ಹೊಸ ನಟಿಯನ್ನು ಕರೆದೊಯ್ದೆ. ಒಳ್ಳೆಯ ಹುಡುಗಿ, ಒಳ್ಳೆಯ ಕಂಠ. ಹಾರ್ಮೋನಿಯಂ ಇರುವ ಬಲಗಡೆಯಿಂದ ಬಾರಮ್ಮ, ಅನುಕೂಲ ಎಂದು ನಾನೇ ಹೇಳಿಕೊಟ್ಟೆ. ನಂಜೇಗೌಡರಿಗೂ ಹೇಳಿದೆ. “ಗೊತ್ತು ಬುಡಿ” ಎಂದರು.

ರಾಣಿಯ ಪ್ರವೇಶದ ಹೊತ್ತಿಗೆ ಪೂರ್ವ ಬೆಳ್ಳಗಾಗಿತ್ತು. ಟ್ಯೂಬ್‌ಲೈಟು ಬಣ್ಣ ಕಳೆದುಕೊಂಡು ತೆಂಗಿನ ಗರಿಗಳು ಕಾಣುತ್ತಿದ್ದವು. ಹುಡುಗಿ ಬಲಗಡೆಯಿಂದ ಬಂದು ನಿಂತಳು. ನಂಜೇಗೌಡರು ಎಡಕ್ಕೆ ತಿರುಗಿ ಕೈಚಾಚಿ ಹಾಡತೊಡಗಿದರು. ಈ ಸಲ ಕಣ್ಣು ಮುಚ್ಚಿರಲಿಲ್ಲ. ಅವರು ಯಾರನ್ನು ನೋಡುತ್ತಿದ್ದಾರೆಂದು ನನಗೆ ತಿಳಿಯಲು ಒಂದು ಚರಣ ಬೇಕಾಯಿತು. ಯಾವತ್ತಿನ ರೂಢಿಯಂತೆ ಎಡಗಡೆಯ ಪರದೆಯನ್ನು ಎತ್ತಿ ಹಿಡಿದು ನಾನು ನಿಂತಿದ್ದೆ. ಹಿಂದೆ ಯಾರೂ ಇರಲಿಲ್ಲ. ಕೆಳಗೆ ಕೂತವರ ಮುಖಗಳೂ ನನ್ನ ಕಡೆಗೇ ಇದ್ದವು. ಒಬ್ಬರೂ ನಗಲಿಲ್ಲ. ಕೈ ಇಳಿಸಬೇಕೆಂದುಕೊಂಡೆ, ಇಳಿಯಲಿಲ್ಲ. ಗೌಡರು ಹಾಡು ಮುಗಿಸಿದ ಮೇಲೆಯೇ ಆ ಹುಡುಗಿಯ ಕಡೆ ತಿರುಗಿದ್ದು.

ಈ ವರ್ಷವೂ ತಟ್ಟೆ ಬಂತು. “ಎಡಗಡೆ ಪರದೆ ನೀವೇ ಹಿಡೀಬೇಕು” ಎಂದಷ್ಟೇ ಹೇಳಿ ಗೌಡರು ಬೇರೆ ಕಡೆ ನೋಡಿದರು.

ಯಾವಾಗ ಬರುತ್ತೀ ಎಂದು ಗದಗಿನಿಂದ ಕೇಳುತ್ತೀರಿ. ಅಕ್ಕನ ಮನೆಯ ಕಟ್ಟೆ ನನಗೂ ನೆನಪಾಗುತ್ತದೆ. ಆದರೆ ಅಲ್ಲಿ ಹಾಡಬೇಕಾದವಳು ಈ ಮಣ್ಣಿನಲ್ಲಿದ್ದಾಳೆ. ಅಲ್ಲಿಗೆ ಬಂದರೆ ಬರಿಗೈಯಲ್ಲಿ ಬರಬೇಕು. ಇಲ್ಲಿ ವರ್ಷಕ್ಕೊಮ್ಮೆಯಾದರೂ ಒಂದು ಊರು ಅವಳು ಬರುವ ಕಡೆಗೆ ತಿರುಗಿ ಕೂರುತ್ತದೆ. ವೀಳ್ಯ ತೆಗೆದುಕೊಂಡೆ. ಪರದೆಯ ಹಗ್ಗ ಸವೆದಿದೆ, ಅದರದೊಂದು ಚಿಂತೆ.