ಬಲಹೆಗಲು ಮಲಗಿದ ವರ್ಷ

ನೋವು ಶುರುವಾದದ್ದು ರೈಲಿನಲ್ಲಿ. ಕಾಲೇಜಿನ ಕೆಲಸ ಮುಗಿಸಿ ಕಲಬುರಗಿಯಿಂದ ಶಹಾಬಾದಿಗೆ ವಾಪಸು ಬರುತ್ತಿದ್ದೆ. ಬಲಹೆಗಲಿನ ಒಳಗೆ, ಎಲುಬಿನ ಹಿಂದೆ, ಯಾರೋ ಬೆಣೆ ಇಟ್ಟು ಸುತ್ತಿಗೆಯಿಂದ ಬಡಿದ ಹಾಗಾಯಿತು. ನಮ್ಮೂರ ಗಣಿಗಳಲ್ಲಿ ನೆಲಕ್ಕೆ ಹಾಸುವ ಪರಶಿ ಕಲ್ಲು ಸೀಳುವುದು ಹಾಗೆಯೇ. ಮೊದಲ ಪೆಟ್ಟಿಗೆ ಏನೂ ಕಾಣುವುದಿಲ್ಲ, ನಾಲ್ಕನೆಯದಕ್ಕೆ ಬಂಡೆ ಬಾಯಿ ಬಿಡುತ್ತದೆ. ಸ್ಟೇಶನ್ ಬರುವ ಹೊತ್ತಿಗೆ ನನ್ನ ಕೈಚೀಲ ಎಡಗೈಗೆ ಬಂದಿತ್ತು.

ಅದಕ್ಕೆ ಹತ್ತು ದಿನ ಮೊದಲು ಕಾಲೇಜಿನ ಮೈದಾನದಲ್ಲಿ ತುಕ್ಕು ಹಿಡಿದ ಮೊಳೆ ತುಳಿದಿದ್ದೆ. ದನಕರು ಮೇಯುವ ಜಾಗ. ಧನುರ್ವಾಯು ಆಗಬಾರದೆಂದು ದವಾಖಾನೆಯಲ್ಲಿ ಸೀರಮ್ ಇಂಜೆಕ್ಷನ್ ಕೊಟ್ಟಿದ್ದರು. ಒಂದು ವಾರದ ಮೇಲೆ ಮೈಯೆಲ್ಲ ದದ್ದು ಎದ್ದು ತುರಿಸಿತು, ಸಣ್ಣ ಜ್ವರ ಬಂತು. ಅದು ಹೋಯಿತು, ಇದು ಬಂತು.

ಐದು ದಿನ ನಾನು ಮಲಗಲೇ ಇಲ್ಲ. ಗೋಡೆಗೆ ಒರಗಿ ಕೂತೇ ಇದ್ದೆ. ಹೆಂಡತಿ ಗುರಮ್ಮ ಬಿಸಿ ಉಪ್ಪಿನ ಗಂಟು ಕಟ್ಟಿ ಕಾವು ಕೊಟ್ಟಳು. ಆರನೆಯ ದಿನ ನೋವು ಇಳಿಯಿತು. ಎಷ್ಟು ಹಗುರ ಅನ್ನಿಸಿತೆಂದರೆ, ಸ್ನಾನ ಮಾಡಿ ಕಾಲೇಜಿಗೆ ಹೊರಡೋಣವೆಂದು ಎದ್ದುಬಿಟ್ಟೆ. ಸ್ನಾನಕ್ಕೆ ಮೊದಲು ಬರಿಮೈಯಲ್ಲಿ ನಿಂತು, ತಲೆಯ ರುಮಾಲು ಬಿಚ್ಚಲು ಕೈ ಎತ್ತಿದೆ.

ಬಲಗೈ ಮೇಲೆ ಬರಲಿಲ್ಲ.

ಬೆರಳು ಆಡುತ್ತಿದ್ದವು. ಮುಷ್ಟಿ ಬಿಗಿಯುತ್ತಿತ್ತು. ಮೊಣಕೈ ಮಡಚುತ್ತಿತ್ತು. ಹೆಗಲಿನಿಂದ ಮಾತ್ರ ಕೈ ಏಳುತ್ತಿರಲಿಲ್ಲ. ಗೋಡೆಗೆ ಅಂಗೈ ಒತ್ತಿ ನಿಂತಿದ್ದಾಗ ಹಿಂದೆ ನೀರು ತಂದ ಗುರಮ್ಮನ ಕೈಯಿಂದ ತಂಬಿಗೆ ಬಿತ್ತು.

“ಏನ್ರಿ ಇದು! ನಿಮ್ಮ ಬೆನ್ನಾಗ ರೆಕ್ಕಿ ಮೂಡ್ಯಾದ!”

ಹೆಗಲ ಹಲಗೆಯ ಎಲುಬು ಬೆನ್ನು ಬಿಟ್ಟು ಹೊರಕ್ಕೆ ಚಾಚಿಕೊಂಡಿತ್ತು. ಎಡಗೈಯನ್ನು ಹಿಂದಕ್ಕೆ ಹೊರಳಿಸಿ ನಾನೇ ಮುಟ್ಟಿ ನೋಡಿದೆ. ಅದರ ಕೆಳಗೆ ಬೆರಳು ತೂರುತ್ತಿತ್ತು.

ಈ ಹೆಗಲೇ ನನ್ನ ಅನ್ನ. ನಮ್ಮಪ್ಪ ಇದೇ ಊರಿನ ಗಣಿಯಲ್ಲಿ ಪರಶಿ ಎತ್ತಿದವರು. ಹುಡುಗನಾಗಿದ್ದಾಗ ನಾನು ಗಣಿಯ ಅಂಚಿನಲ್ಲಿ ನಿಂತು ದುಂಡು ಕಲ್ಲುಗಳನ್ನು ಆಚೆ ದಂಡೆಗೆ ಎಸೆಯುತ್ತಿದ್ದೆ. ಆಮೇಲೆ ಶಾಲೆ, ಆಮೇಲೆ ಹೈದರಾಬಾದಿನಲ್ಲಿ ಡ್ರಿಲ್ ಮಾಸ್ತರಿಕೆಯ ತರಬೇತಿ. ಅಲ್ಲಿ ಮೊದಲ ಸಲ ಕಬ್ಬಿಣದ ಗುಂಡು ಕೈಗೆ ಸಿಕ್ಕಿತು. ಹದಿನಾರು ಪೌಂಡಿನದು. ಅಷ್ಟು ನುಣುಪಾದ ಕಲ್ಲನ್ನು ನಾನು ಎಂದೂ ಹಿಡಿದಿರಲಿಲ್ಲ. ಆ ವರ್ಷ ಗುಂಡು ಎಸೆತ, ಚಕ್ರ ಎಸೆತ ಎರಡರಲ್ಲೂ ನಾನೇ ಮೊದಲಿಗ. ಕಲಬುರಗಿಯ ಇಂಟರ್‌ಮೀಡಿಯಟ್ ಕಾಲೇಜಿನಲ್ಲಿ ಡ್ರಿಲ್ ಮಾಸ್ತರನಾದ ಮೇಲೆ ಹನ್ನೆರಡು ವರ್ಷ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಹುಡುಗರಿಗೆ ಎಸೆತ ಕಲಿಸಿದೆ. ಕಲಿಸುವುದೆಂದರೆ ಎಸೆದು ತೋರಿಸುವುದು. “ಮಲ್ಲಣ್ಣ ಮಾಸ್ತರ, ಒಮ್ಮಿ ಹಾಕಿ ತೋರಸ್ರಿ” ಎಂದರೆ ಸಾಕು, ಅಂಗಿ ಬಿಚ್ಚಿ ವೃತ್ತದೊಳಗೆ ಇಳಿಯುತ್ತಿದ್ದೆ. ಬಾಯಿಗೆ ಕೆಲಸವೇ ಇರಲಿಲ್ಲ.

ದವಾಖಾನೆಯ ಡಾಕ್ಟರ್ ಸಾಹೇಬರು ಚಿತ್ತಾಪುರದ ಕಡೆಯವರು. ಹೈದರಾಬಾದಿನಲ್ಲಿ ಓದಿದ್ದರೂ ನಮ್ಮ ಮಾತು ಬಿಟ್ಟಿರಲಿಲ್ಲ. ಸೂಜಿಯಿಂದ ಚುಚ್ಚಿ ನೋಡಿದರು, ಎಕ್ಸರೇ ತೆಗೆಸಿದರು. ಎಲುಬಿಗೆ ಏನೂ ಆಗಿರಲಿಲ್ಲ.

“ಎಲುಬು ಛಲೋ ಅದ. ನರ್ವ್ ಸುಟ್ಟಂಗ ಆಗ್ಯಾದ. ಆ ಸೀರಮ್ ಕುದುರಿ ರಕ್ತದಿಂದ ಮಾಡ್ತಾರ, ಎಲ್ಲೋ ಒಬ್ಬರಿಗೆ ಹಿಂಗ ಆಗ್ತದ.”

“ಹಂಗಾದ್ರ ಆ ಇಂಜೆಕ್ಷನ್ ತಗೋಬಾರದಿತ್ತೇನ್ರಿ?”

“ತಗೊಳ್ಳದಿದ್ರ ಧನುರ್ವಾಯು ಆಗಿ ಇವತ್ತ ನನ್ನ ಮುಂದ ಕುಂದರ್ತಿದ್ದಿಲ್ಲ ನೀವು.”

“ಕೈ ಬರ್ತದೇನ್ರಿ?”

ಅವರು ಕನ್ನಡಕ ತೆಗೆದು ಒರೆಸಿದರು. “ನರ ಭಾಳ ಸಾವಕಾಶ ಬೆಳೀತಾವ. ವರ್ಷ ಹಿಡೀಬಹುದು, ಎರಡು ಹಿಡೀಬಹುದು. ಪೂರಾ ಬರ್ತದ ಅಂತ ನಾ ಹೇಳಂಗಿಲ್ಲ. ಬರಂಗಿಲ್ಲ ಅಂತನೂ ಹೇಳಂಗಿಲ್ಲ.”

ಆರು ತಿಂಗಳ ರಜೆ ಸಿಕ್ಕಿತು. ಕೈಗೆ ಸ್ಲಿಂಗ್. ದಿನಕ್ಕೆರಡು ಸಲ ಎಣ್ಣೆ ಹಚ್ಚಿ ಮಸಾಜ್. ಎಡಗೈಯಲ್ಲಿ ಉಣ್ಣುವುದಕ್ಕೆ ನಾಚಿಕೊಂಡು ಯಾರಾದರೂ ಬಂದರೆ ಹಸಿವಿಲ್ಲ ಎನ್ನುತ್ತಿದ್ದೆ. ಅಂಗಿ ತೊಡಿಸುವವಳು ಗುರಮ್ಮ, ಧೋತರ ಕಟ್ಟುವವಳು ಗುರಮ್ಮ. ಎರಡು ತಿಂಗಳಿಗೆ ಹೆಗಲಿನ ಮಾಂಸ ಕರಗಿ ಎಲುಬಿನ ಗೂಟ ಕಾಣತೊಡಗಿತು. ಆ ಹೆಗಲನ್ನು ನೋಡಿದವರು ಅಯ್ಯೋ ಎನ್ನುತ್ತಿದ್ದರು. ನಾನು ಅಂಗಿ ಬಿಚ್ಚುವುದನ್ನೇ ಬಿಟ್ಟೆ.

ಕೈ ಬರದಿದ್ದರೆ ನಾನು ಯಾರು? ಇದೇ ಪ್ರಶ್ನೆ ದಿನವೆಲ್ಲ. ಎಸೆಯಲಾಗದ ಎಸೆತದ ಮಾಸ್ತರನನ್ನು ಯಾವ ಕಾಲೇಜು ಇಟ್ಟುಕೊಳ್ಳುತ್ತದೆ? ರಾಜೀನಾಮೆಯ ಕಾಗದವನ್ನು ಎಡಗೈಯಲ್ಲೇ ಬರೆದಿಟ್ಟೆ. ಅಕ್ಷರ ಸೊಟ್ಟ ಬಂದಿದ್ದಕ್ಕೆ ಕಳಿಸಲಿಲ್ಲ, ಅಷ್ಟೇ.

ಒಂದು ಶುಕ್ರವಾರ ಖಾಸೀಂ ಬಂದ. ನಮ್ಮ ಹೈದರಾಬಾದ್ ಸಂಸ್ಥಾನದಲ್ಲಿ ಶುಕ್ರವಾರವೇ ವಾರದ ರಜೆ. ಖಾಸೀಂ ವಾಡಿಯವನು, ಕಾಲೇಜಿನ ಎರಡನೆಯ ವರ್ಷದಲ್ಲಿದ್ದ. ಅವನ ತಂದೆ ರೈಲ್ವೆಯಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್. ಖಾಸೀಂ ಗಟ್ಟಿ ಗಂಡಾಳು. ಆದರೆ ಒಂದೂವರೆ ವರ್ಷದಿಂದ ಅವನ ಗುಂಡು ಒಂದೇ ಗೆರೆಯ ಹತ್ತಿರ ಬೀಳುತ್ತಿತ್ತು. “ಮೈಗಳ್ಳ” ಎಂದು ಎಲ್ಲರ ಎದುರಿಗೆ ನಾನು ಬೈದದ್ದೂ ಇದೆ. ಅಂದು ಹೆಗಲ ಮೇಲೆ ಗೋಣಿಚೀಲ ಹೊತ್ತು ಬಂದ. ಚೀಲದಲ್ಲಿ ಕಾಲೇಜಿನ ಗುಂಡು.

“ಪ್ರಿನ್ಸಿಪಾಲ್ ಸಾಹೇಬ್ರಿಗೆ ಕೇಳಿ ತಂದೀನ್ರಿ. ಛಳಿಗಾಲಕ್ಕ ಹೈದರಾಬಾದ್‌ನಾಗ ಕಾಲೇಜಗೋಳ ಆಟ ಅವ. ನೀವು ನೋಡ್ರಿ, ನಾ ಹಾಕ್ತೀನಿ.”

“ನೋಡಿ ಏನ್ ಮಾಡ್ಲೋ? ತೋರಸಲಿಕ್ಕ ಬರಂಗಿಲ್ಲ ನನಗ.”

“ನೋಡ್ರಿ ಸಾಕು.”

ಮನೆಯ ಹಿಂದೆ ಹಳೆಯ ಗಣಿಯ ಬಯಲು. ನಾನು ಕಲ್ಲಿನ ಮೇಲೆ ಕೂತೆ. ಅವನು ಎಸೆದ. ಗುಂಡು ಎಂದಿನಷ್ಟೇ ದೂರ ಹೋಯಿತು. “ಜೋರು ಹಾಕು” ಎಂದೆ. ಮತ್ತೆ ಅಷ್ಟೇ. “ಕೈ ಉದ್ದ ಚಾಚು” ಎಂದೆ. ಅಷ್ಟೇ. ಈ ಎರಡು ಮಾತು ಬಿಟ್ಟರೆ ನನ್ನ ಬಳಿ ಬೇರೆ ಮಾತೇ ಇರಲಿಲ್ಲ. ಹನ್ನೆರಡು ವರ್ಷ ಕಲಿಸಿದವನು, ಮೂರನೆಯ ಮಾತಿಗೆ ತಡಕಾಡುತ್ತ ಕೂತೆ.

ಮುಂದಿನ ಶುಕ್ರವಾರವೂ ಬಂದ. ಅದರ ಮುಂದಿನದಕ್ಕೂ. ಗುರಮ್ಮ ಜೋಳ ಹಸನು ಮಾಡುತ್ತ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ನಾಲ್ಕನೆಯ ವಾರವೋ ಐದನೆಯದೋ, ಮೊರ ಕೆಳಗಿಟ್ಟು ಅಂದಳು:

“ಇವನ ಕಾಲೇ ಇವನಿಗಿ ಅಡ್ಡ ಬರಲಿಕತ್ತದ ನೋಡ್ರಿ.”

“ನಿನಗೇನ್ ಗೊತ್ತ?”

“ಎಡಗಾಲು ಮುಂದ ಹ್ವಾಗಿ ಬಲಕ್ಕ ಬೀಳ್ತದ. ಆಮ್ಯಾಲ ನಡಾ ತಿರುಗಲಿಕ್ಕ ಜಾಗ ಎಲ್ಲದ? ತಾನೇ ಅಗಳಿ ಹಾಕಿ ಬಾಗಿಲ ದೂಕಿದಂಗ ಆಯ್ತು.”

ಖಾಸೀಂನ ಕಾಲ ಗುರುತು ಮಣ್ಣಿನಲ್ಲಿತ್ತು. ಎದ್ದು ಹೋಗಿ ನೋಡಿದೆ. ನಿಜ. ಎಡಗಾಲು ಒಂದು ಗೇಣು ಬಲಕ್ಕೆ ಇಳಿದಿತ್ತು. ಕೆಳಗಿನಿಂದ ಬಂದ ಬಲವೆಲ್ಲ ಸೊಂಟದಲ್ಲಿ ನಿಂತು, ಗುಂಡನ್ನು ತೋಳೊಂದೇ ತಳ್ಳುತ್ತಿತ್ತು.

“ಹಿಂಗ್ಯಾಕ ಇಡ್ತೀಯೋ?” ಎಂದು ರೇಗಿದೆ.

ಉತ್ತರ ಕೊಟ್ಟವಳು ಗುರಮ್ಮ. “ಅವನಿಗ್ಯಾಕ ಬೈತೀರಿ? ನೀವೂ ಹಂಗೇ ಇಡ್ತಿದ್ರಿ. ಇದೇ ಬಯಲಾಗ ಎಷ್ಟ್ ಸಲ ನೋಡೀನಿ.”

ನಾನೂ ಹಾಗೆಯೇ ಇಡುತ್ತಿದ್ದೆ.

ಅಲ್ಲಿಯೇ ನಿಂತು, ಗುಂಡಿಲ್ಲದೆ, ಸ್ಲಿಂಗಿನಲ್ಲಿದ್ದ ಕೈಯನ್ನು ಎದೆಗವಚಿಕೊಂಡು ಒಂದು ಜಿಗಿತ ಜಿಗಿದೆ. ಎಡಗಾಲು ತಾನಾಗಿ ಬಲಕ್ಕೇ ಇಳಿಯಿತು. ನಾನು ಎಸೆಯಲು ಕಲಿತದ್ದು ಗಣಿಯ ಅಂಚಿನ ಇಕ್ಕಟ್ಟಾದ ಬಂಡೆಯ ಮೇಲೆ. ಎಡಕ್ಕೆ ಕಾಲಿಟ್ಟರೆ ಕೆಳಗೆ ನೀರು ತುಂಬಿದ ಹಳ್ಳ. ಹುಡುಗನ ಕಾಲು ಜೀವ ಉಳಿಸಿಕೊಳ್ಳಲು ಕಲಿತ ಜಾಗ ಅದು. ಆಮೇಲೆ ಎಷ್ಟು ಅಗಲದ ಮೈದಾನ ಸಿಕ್ಕರೂ ಕಾಲು ಆ ಬಂಡೆಯ ಮೇಲೆಯೇ ಇಳಿಯುತ್ತಿತ್ತು. ನನಗೆ ಹೆಗಲಿನ ಕಸುವು ಇತ್ತು, ತಪ್ಪು ಮುಚ್ಚಿಹೋಯಿತು. ನನ್ನನ್ನು ನೋಡಿ ಕಲಿತ ಹುಡುಗರಿಗೆ ಅಂಥ ಹೆಗಲು ಇರಲಿಲ್ಲ. ಹನ್ನೆರಡು ವರ್ಷ ನಾನು ಆ ತಪ್ಪನ್ನೇ ಅಚ್ಚುಕಟ್ಟಾಗಿ ತೋರಿಸಿ ಕೊಟ್ಟಿದ್ದೆ, ಮುಂದೆ ಹೋಗದವರನ್ನು ಮೈಗಳ್ಳರೆಂದಿದ್ದೆ.

ಖಾಸೀಂನ ಮುಂದೆ ಹೇಗೆ ಹೇಳಲಿ? ಕೊನೆಗೆ ಅಂದೆ: “ತಪ್ಪು ನಂದದಪ್ಪ. ನಿಂದಲ್ಲ. ಬೈದಿದ್ದು ಮನಸಿಗಿ ಹಚ್ಕೋಬ್ಯಾಡ.”

ಅವನು ಗಾಬರಿಯಾಗಿ, “ಹಂಗೆಲ್ಲ ಅನಬ್ಯಾಡ್ರಿ ಮಾಸ್ತರ” ಎಂದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ: “ಹಂಗಾದ್ರ ಕಾಲು ಎಲ್ಲಿ ಇಡ್ಲಿರಿ?”

ಅಂದಿನಿಂದ ನಿಜವಾದ ಪಾಠ ಶುರುವಾಯಿತು, ಇಬ್ಬರಿಗೂ. ಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದೆವು. ಗುಂಡಿಲ್ಲದೆ ನೂರು ಸಲ ಜಿಗಿಸಿದೆ. ಕಣ್ಣು ಮುಚ್ಚಿ ಜಿಗಿದು, ಕಾಲು ಎಲ್ಲಿದೆ ಎಂದು ಅವನೇ ಹೇಳಬೇಕು, ಆಮೇಲೆ ಕಣ್ಣು ತೆರೆಯಬೇಕು. ಮೊದಮೊದಲು ಅವನ ಎಸೆತ ಹಳೆಯದಕ್ಕಿಂತ ಹಿಂದೆ ಬಿತ್ತು. ನನಗೆ ಭಯವಾಯಿತು. ಇರುವುದನ್ನೂ ಕೆಡಿಸಿದೆನೇನೋ ಎಂದುಕೊಂಡೆ. ಆರನೆಯ ವಾರ ಒಂದು ಎಸೆತ ಸರಿಯಾಗಿ ಕೂಡಿಬಂತು. ಎಸೆದವನಿಗೆ ಅದು ಗೊತ್ತಾಗುತ್ತದೆ. ಕೈಗೆ ಭಾರವೇ ಇರುವುದಿಲ್ಲ. ಗುಂಡು ಹಳೆಯ ಗೆರೆ ದಾಟಿ ಎರಡು ಮಾರು ಮುಂದೆ ಬಿದ್ದಾಗ ಖಾಸೀಂ ತನ್ನ ಕೈಯನ್ನೇ ನೋಡುತ್ತ ನಿಂತಿದ್ದ.

ಇದೇ ದಿನಗಳಲ್ಲಿ ನನ್ನ ಹೆಗಲಿನಲ್ಲಿ ಇರುವೆ ಹರಿದ ಹಾಗೆ ಆಗತೊಡಗಿತು. ಡಾಕ್ಟರ್ ಸಾಹೇಬರು ಮುಟ್ಟಿ ನೋಡಿ, ಗೋಡೆಯ ಮೇಲೆ ಬೆರಳುಗಳನ್ನು ನಡೆಸಿಕೊಂಡು ಮೇಲೆ ಹೋಗಿರಿ ಎಂದರು. ಮೊದಲ ದಿನ ಎದೆಯ ಮಟ್ಟ. ತಿಂಗಳಾದ ಮೇಲೆ ಗದ್ದದ ಮಟ್ಟ. ಅಲ್ಲಿಯೇ ಎರಡು ತಿಂಗಳು ನಿಂತುಬಿಟ್ಟಿತು. ಸಿಟ್ಟು ಬಂದು ಬಿಟ್ಟುಕೊಟ್ಟ ದಿನಗಳೂ ಇವೆ. ಆಗ ಗುರಮ್ಮ ನನ್ನ ಕೈ ಹಿಡಿದು ಗೋಡೆಗೆ ಇಟ್ಟು ಹೋಗುತ್ತಿದ್ದಳು.

ಹೈದರಾಬಾದಿಗೆ ನಾನೂ ಹೋದೆ. ಖಾಸೀಂ ಎರಡನೆಯವನಾದ. ಮೊದಲು ಬಂದವನು ಅವನಿಗಿಂತ ತಲೆ ಎತ್ತರ ಇದ್ದ. ಆದರೆ ಖಾಸೀಂನ ಎಸೆತ ನೋಡಿದ ಬೇರೆ ಕಾಲೇಜಿನ ಮಾಸ್ತರರೊಬ್ಬರು “ಈ ಹುಡುಗನ ಕಾಲಿನ ಕೆಲಸ ಯಾರು ಕಲಿಸಿದ್ದು?” ಎಂದು ಉರ್ದುವಿನಲ್ಲಿ ಕೇಳಿದರು. “ನನ್ನ ಹೆಂಡತಿ” ಎಂದೆ. ತಮಾಷೆ ಎಂದು ತಿಳಿದು ನಕ್ಕರು.

ಊರಿಗೆ ಬಂದ ಮೇಲೆ ಪ್ರಿನ್ಸಿಪಾಲ್ ಸಾಹೇಬರು ಕರೆಸಿದರು. “ಕುರ್ಚಿ ಹಾಕಸ್ತೀನಿ ಮಲ್ಲಣ್ಣ. ಕುಂತೇ ಕಲಸ್ರಿ” ಎಂದರು. ಆ ರಾಜೀನಾಮೆಯನ್ನು ಅಂದೇ ಒಲೆಗೆ ಹಾಕಿದೆ.

ಒಂದು ಕೆಲಸ ಉಳಿದಿತ್ತು. ಹಳೆಯ ಹುಡುಗರಲ್ಲಿ ವಿಳಾಸ ಗೊತ್ತಿದ್ದ ನಾಲ್ವರಿಗೆ ಕಾರ್ಡು ಬರೆದೆ. ನನ್ನ ಕಲಿಸುವಿಕೆಯಲ್ಲಿ ಇಂಥ ತಪ್ಪಿತ್ತು, ನೀವು ಮುಂದೆ ಹೋಗದ್ದಕ್ಕೆ ಕಾರಣ ಅದು, ಕ್ಷಮಿಸಿರಿ ಎಂದು. ಮೂವರಿಂದ ಉತ್ತರ ಬರಲಿಲ್ಲ. ಕಳೆದ ತಿಂಗಳು ಒಬ್ಬ ಬಾಗಿಲಿಗೇ ಬಂದ. ಬಸಲಿಂಗಪ್ಪ. ಈಗ ಚಿಂಚೋಳಿಯಲ್ಲಿ ಶಾಲಾ ಮಾಸ್ತರ, ಹೊಟ್ಟೆ ಬಂದಿದೆ, ಕಿವಿಯ ಹತ್ತಿರ ಕೂದಲು ಆಗಲೇ ನರೆತಿದೆ. ಕುಂದ್ರು ಎಂದರೂ ಕೂರಲಿಲ್ಲ.

“ನಿಮ್ಮ ಕಾರ್ಡು ಓದಿ ಎರಡು ದಿನ ಯಾರ ಜೋಡಿನೂ ಮಾತಾಡಲಿಲ್ರಿ. ಇಷ್ಟು ವರ್ಷ ನನ್ನಾಗೇ ತ್ರಾಣ ಕಮ್ಮಿ ಅಂತ ತಿಳ್ಕೊಂಡಿದ್ದೆ.”

ಗುರಮ್ಮ ತಂದ ನೀರಿನ ತಂಬಿಗೆಯನ್ನು ನಾನೇ ಅವನ ಮುಂದೆ ಹಿಡಿದೆ.

“ಗುಂಡು ಅದೇನ್ರಿ?” ಎಂದ.

ಖಾಸೀಂ ಬಿಟ್ಟುಹೋದ ಗುಂಡು ಹಿತ್ತಿಲಲ್ಲಿತ್ತು. ಬಸಲಿಂಗಪ್ಪ ಧೋತರ ಕಚ್ಚೆ ಬಿಗಿದು, ಅಂಗಿ ಗುರಮ್ಮನ ಕೈಗೆ ಕೊಟ್ಟು, ಬಯಲಿಗೆ ಇಳಿದ. ಎಡಗಾಲು ಇಡುವ ಜಾಗ ತೋರಿಸಿದೆ. ನಾಲ್ಕು ಸಲ ಬರಿಗೈಯಲ್ಲಿ ಜಿಗಿದ. ಐದನೆಯ ಸಲ ಎಸೆದ. ತುಂಬ ದೂರವೇನೂ ಹೋಗಲಿಲ್ಲ, ರೂಢಿ ತಪ್ಪಿದೆಯಲ್ಲ. ಆದರೆ ಸೊಂಟ ತಿರುಗಿತು, ಕೈ ಕೊನೆಯಲ್ಲಿ ಬಂತು, ಗುಂಡು ಹಗುರಾಗಿ ಎದ್ದು ಹೋಯಿತು. ಅವನು ತಿರುಗಿ ನೋಡಿದ. ಹತ್ತೊಂಬತ್ತು ವರ್ಷದ ಹುಡುಗನ ಮುಖ.

“ಹಿಂಗ ಇತ್ತೇನ್ರಿ ಇದು!” ಎಂದ.

ನನ್ನ ಕಾಯಿಲೆಗೆ ಈಗ ಹದಿನಾಲ್ಕು ತಿಂಗಳು. ರುಮಾಲು ನಾನೇ ಸುತ್ತಿಕೊಳ್ಳುತ್ತೇನೆ, ಬಲಗೈಯಲ್ಲಿ ಉಣ್ಣುತ್ತೇನೆ. ಬೆನ್ನಿನ ಎಲುಬು ಅರ್ಧ ಒಳಗೆ ಸರಿದಿದೆ. ಇನ್ನು ಎಷ್ಟು ಸರಿಯುತ್ತದೋ ಡಾಕ್ಟರ್ ಸಾಹೇಬರೂ ಹೇಳುವುದಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ. ಎಸೆಯುವುದು ಮುಗಿಯಿತು ಎಂದೇ ಅಂದುಕೊಂಡಿದ್ದೇನೆ.

ಅಂದು ಬಯಲಿನಲ್ಲಿ ಬಸಲಿಂಗಪ್ಪ ಗುಂಡು ತರಲು ಹೊರಟ. ಬೇಡವೆಂದು ನಾನೇ ಹೋದೆ. ಬಗ್ಗಿ, ಬಲಗೈಯಿಂದ ಹಿಡಿದು, ಕೆಳಗೆ ಎಡಗೈ ಕೊಟ್ಟು ಎತ್ತಿದೆ. ಸೊಂಟದ ತನಕ ಬಂತು. ಹೆಗಲು ನಡುಗಿತು, ಬಿಡಲಿಲ್ಲ. ಹಾಗೆಯೇ ಹಿಡಿದು ನಡೆದು ಬಂದು ಅವನ ಕೈಗೆ ಕೊಟ್ಟೆ.

“ಇನ್ನೊಮ್ಮಿ ಹಾಕು,” ಎಂದೆ. “ನಾ ನೋಡ್ತೀನಿ.”